ಬೀಗದ ಕೈ ಮತದಾರರ ಬಳಿ

1932ರ ಚಳಿಗಾಲದ ಒಲಿಂಪಿಕ್ಸ್ ನಡೆಸುವ ಅವಕಾಶ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಊರಿಗೆ ಸಿಕ್ಕಿತ್ತು. ಹಿಮಬಂಡಿ ಸ್ಪರ್ಧೆಗೆ ಇಳಿಜಾರಿನ ಜಾಡು ಬೇಕಿತ್ತು. ಸುತ್ತ ಇದ್ದದ್ದು ಅಡಿರಾಂಡಾಕ್ ಬೆಟ್ಟಸಾಲಿನ ಸರ್ಕಾರಿ ಕಾಡು. ನಾಲ್ಕೈದು ಎಕರೆಯಲ್ಲಿ ಸುಮಾರು 2,500 ಮರ ಕಡಿಯಲು ಶಾಸನಸಭೆ 1929ರಲ್ಲಿ ಕಾಯ್ದೆಯನ್ನೇ ಮಾಡಿತು. ಮರುವರ್ಷ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು. ಉದ್ದೇಶ ಎಷ್ಟೇ ಒಳ್ಳೆಯದಾದರೂ ಸಂವಿಧಾನ ಬೇಡವೆಂದದ್ದನ್ನು ಶಾಸಕರು ಮಾಡುವಂತಿಲ್ಲ ಎಂಬುದು ತೀರ್ಪಿನ ತಿರುಳು. ಜಾಡನ್ನು ಸಂರಕ್ಷಿತ ಕಾಡಿನ ಆಚೆ ಕಟ್ಟಿದರು. ಒಲಿಂಪಿಕ್ಸೂ ನಡೆಯಿತು.

ಈ ಬಿಗಿ ಬಂದದ್ದು ಭಯದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ವ್ಯಾಪಾರಿಗಳು ಬೆಟ್ಟಗಳನ್ನು ಬೋಳು ಮಾಡುತ್ತಿದ್ದರು. ಹಡ್ಸನ್ ನದಿ, ಈರಿ ಕಾಲುವೆಗಳ ನೀರು ಬತ್ತೀತೆಂದು ನ್ಯೂಯಾರ್ಕ್ ನಗರದ ವರ್ತಕರೇ ಗಾಬರಿಯಾದರು. 1885ರಲ್ಲಿ ಅರಣ್ಯ ಕಾಯ್ದೆ ಬಂತು. ಆದರೆ ಒಂದು ಸಭೆ ಮಾಡಿದ ಕಾಯ್ದೆಯನ್ನು ಇನ್ನೊಂದು ಸಭೆ ತಿದ್ದಬಹುದಲ್ಲ! ಅದಕ್ಕೇ 1894ರಲ್ಲಿ ರಾಜ್ಯದ ಸಂವಿಧಾನದಲ್ಲೇ ಬರೆದರು: ಈ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕು, ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ, ಮರ ಕಡಿಯುವಂತಿಲ್ಲ. ಬದಲಿಸಬೇಕಾದರೆ ಎರಡು ಬೇರೆ ಬೇರೆ ಚುನಾವಣೆಗಳಲ್ಲಿ ಆರಿಸಿಬಂದ ಸಭೆಗಳು ಒಪ್ಪಬೇಕು, ಬಳಿಕ ಮತದಾರರೂ ಒಪ್ಪಬೇಕು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲೇ.

ಹಾಗೆಂದು ಜನರನ್ನು ಹೊರಗಿಟ್ಟಿಲ್ಲ. ಸುಮಾರು 60 ಲಕ್ಷ ಎಕರೆಯ ಅಡಿರಾಂಡಾಕ್ ಉದ್ಯಾನ ಕರ್ನಾಟಕದ ಎಂಟನೇ ಒಂದು ಭಾಗದಷ್ಟು ದೊಡ್ಡದು. ಅದರ ಅರ್ಧಕ್ಕೂ ಹೆಚ್ಚು ನೆಲ ಖಾಸಗಿಯವರದು, ಒಳಗೆ ಊರುಗಳೂ ಇವೆ. ಉಳಿದ ಸರ್ಕಾರಿ ಕಾಡಿನಲ್ಲಿ ಜನ ಬೆಟ್ಟ ಹತ್ತುತ್ತಾರೆ, ದೋಣಿ ನಡೆಸುತ್ತಾರೆ, ಡೇರೆ ಹಾಕುತ್ತಾರೆ. 1972ರ ಯೋಜನೆಯಂತೆ, ಅಪ್ಪಟ ವನ್ಯಪ್ರದೇಶವೆಂದು ಗುರುತಿಸಿದ ಕಡೆ ಮೋಟಾರು ವಾಹನಕ್ಕೆ ಪ್ರವೇಶವಿಲ್ಲ.

ತಕರಾರು ಮಾತ್ರ ಮುಗಿದಿಲ್ಲ. ಹಿಮದ ಮೇಲೆ ಓಡುವ ಮೋಟಾರು ಗಾಡಿಗಳಿಗಾಗಿ ಅಧಿಕಾರಿಗಳು ಅಗಲವಾದ ದಾರಿಗಳನ್ನು ಯೋಜಿಸಿದಾಗ, ಅದಕ್ಕೆ ಸುಮಾರು 25,000 ಮರ ಹೋಗುತ್ತವೆಂಬ ಲೆಕ್ಕ ಬಂತು. ಒಂದೇ ಅಂಗುಲ ದಪ್ಪದ ಸಸಿಯನ್ನೂ ಮರವೆಂದು ಎಣಿಸಬೇಕೇ ಎಂಬ ವಾದವೂ ನಡೆಯಿತು. ಎಣಿಸಬೇಕು ಎಂಬುದೇ ನನ್ನ ನಿಲುವು. ಇಂದಿನ ಸಸಿಯೇ ನಾಳಿನ ಕಾಡು. 2021ರಲ್ಲಿ ನ್ಯಾಯಾಲಯ ಆ ಯೋಜನೆಯನ್ನು ತಡೆಯಿತು.

ಜನರು ಒಪ್ಪಿದ್ದೂ ಇದೆ. ವೈಟ್‌ಫೇಸ್ ಬೆಟ್ಟದಲ್ಲಿ ಸ್ಕೀ ಜಾಡುಗಳಿಗೆ 1941ರಲ್ಲಿ ಮತದಾರರು ಹೂಂ ಎಂದರು. ವಾನ್ ಹೋವೆನ್‌ಬರ್ಗ್ ಬೆಟ್ಟದ ಸರ್ಕಾರಿ ಕಾಡಿನಲ್ಲಿ ಕ್ರೀಡಾ ಸೌಲಭ್ಯಗಳನ್ನು ಮೊದಲು ಕಟ್ಟಿ, ಒಪ್ಪಿಗೆಗಾಗಿ ಜನರ ಮುಂದೆ ಬಂದದ್ದು 2025ರಲ್ಲಿ. ಆ ಕ್ರಮ ನನಗೆ ಸರಿಕಾಣುವುದಿಲ್ಲ. ಮತದಾರರು ಒಪ್ಪಿದರು, ಆದರೆ ಷರತ್ತಿನ ಮೇಲೆ: ಸರ್ಕಾರ ಹೊಸದಾಗಿ 2,500 ಎಕರೆಯನ್ನು ಸಂರಕ್ಷಿತ ಕಾಡಿಗೆ ಸೇರಿಸಬೇಕು.