ಚಿತ್ರವಿದೆ, ದನಿ ಎಲ್ಲಿ?

ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಕ್ರೈಸ್ತ ಮನೆಗಳ ಬೀರುವಿನಲ್ಲಿ ಜಪಸರ, ಪ್ರಾರ್ಥನಾ ಪುಸ್ತಕಗಳ ಪಕ್ಕದಲ್ಲೇ ಒಂದಷ್ಟು ಹಳೆಯ ಡಿಸ್ಕುಗಳು ಇರುತ್ತವೆ. ಮಗಳ ಮದುವೆಯದು ಒಂದು, ಮಕ್ಕಳ ಪ್ರಥಮ ಪರಮಪ್ರಸಾದದ್ದು ಇನ್ನೊಂದು. ಜೊತೆಗೆ 1978ರ ತೆಲುಗು ಚಿತ್ರ ‘ಕರುಣಾಮಯುಡು’. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದ ಮೇಲೆ ಸಿನಿಮಾ ಡಿಸ್ಕು ಬಡವರ ಕೈಗೂ ಬಂತು. ಆ ಕಂಪನಿ ಇಂದು ಇಲ್ಲ, ಡಿಸ್ಕುಗಳು ಉಳಿದಿವೆ.

ಈಗ ಮನೆಗೆ ಹೊಸ ಟಿವಿ ಬಂದಿದೆ. ಹಳೆಯ ಪ್ಲೇಯರನ್ನು ಜೋಡಿಸಿ ಮದುವೆಯ ಡಿಸ್ಕ್ ಹಾಕಿದರೆ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಪ್ಲೇಯರ್ ಕೆಟ್ಟಿತೆಂದು ಗುಜರಿಗೆ ಹಾಕುವವರಿದ್ದಾರೆ, ಡಿಸ್ಕೇ ಹಾಳಾಯಿತೆಂದು ಎಸೆಯುವವರೂ ಇದ್ದಾರೆ. ದಯವಿಟ್ಟು ತಡೆಯಿರಿ. ಈಗ ನಮ್ಮೊಡನಿಲ್ಲದ ತಾತ ಮದುಮಕ್ಕಳನ್ನು ಹರಸಿದ ಮಾತು ಬಹುಶಃ ಆ ಒಂದು ಡಿಸ್ಕಿನಲ್ಲಿ ಮಾತ್ರ ಇದೆ. ಎಷ್ಟೋ ಸಲ ತಪ್ಪು ಇರುವುದು ಪ್ಲೇಯರಿನ ಒಂದೇ ಒಂದು ಸೆಟ್ಟಿಂಗಿನಲ್ಲಿ.

ಪ್ಲೇಯರಿನ ಹಿಂಭಾಗ ನೋಡಿ. ಕೆಂಪು ಮತ್ತು ಬಿಳಿ ತೂತುಗಳು ಹಳೆಯ ಅನಲಾಗ್ ದಾರಿ. ಕೊಆಕ್ಸಿಯಲ್ ಎಂಬ ಒಂಟಿ ತೂತು, ಆಪ್ಟಿಕಲ್ ಎಂಬ ಚೌಕ ಕಿಂಡಿ, ಎಚ್‌ಡಿಎಂಐ, ಇವು ಡಿಜಿಟಲ್ ದಾರಿಗಳು. ಹಳೆಯ ಟಿವಿಯಲ್ಲಿ ಕೆಂಪು-ಬಿಳಿ ವೈರು ಸಾಕಾಗಿತ್ತು. ಹೊಸ ಟಿವಿಗಳಲ್ಲಿ, ಸೌಂಡ್‌ಬಾರುಗಳಲ್ಲಿ ಅನೇಕ ವೇಳೆ ಆ ತೂತುಗಳೇ ಇರುವುದಿಲ್ಲ. ಆದ್ದರಿಂದ ನಾವು ಡಿಜಿಟಲ್ ದಾರಿ ಹಿಡಿಯುತ್ತೇವೆ, ತೊಡಕು ಅಲ್ಲಿಂದ ಶುರು.

ಡಿವಿಡಿಯಲ್ಲಿ ದನಿಯನ್ನು ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ವಿಧಾನದಲ್ಲಿ ಅಡಕಮಾಡಿ ತುಂಬಿರುತ್ತಾರೆ. ಅದನ್ನು ಬಿಡಿಸುವವರು ಯಾರು, ಪ್ಲೇಯರೋ ಟಿವಿಯೋ ಎಂಬುದೇ ಪ್ರಶ್ನೆ. ರಿಮೋಟಿನ ‘ಸೆಟಪ್’ ಒತ್ತಿ ‘ಆಡಿಯೋ’ ವಿಭಾಗಕ್ಕೆ ಹೋದರೆ ‘ಡಿಜಿಟಲ್ ಔಟ್‌ಪುಟ್’ ಎಂದು ಸಿಗುತ್ತದೆ. ಅಗ್ಗದ ಪ್ಲೇಯರುಗಳಲ್ಲಿ ‘ಎಸ್‌ಪಿಡಿಐಎಫ್ ಆಫ್, ಎಸ್‌ಪಿಡಿಐಎಫ್/ರಾ, ಎಸ್‌ಪಿಡಿಐಎಫ್/ಪಿಸಿಎಂ’ ಎಂದು ಮೂರು ಆಯ್ಕೆ. ಬೇರೆ ಕೆಲವದರಲ್ಲಿ ‘ಬಿಟ್‌ಸ್ಟ್ರೀಮ್’ ಮತ್ತು ‘ಪಿಸಿಎಂ’. ‘ರಾ’ ಅಥವಾ ‘ಬಿಟ್‌ಸ್ಟ್ರೀಮ್’ ಎಂದರೆ ರಾಗಿಯನ್ನು ಕಾಳಾಗಿಯೇ ಕಳುಹಿಸಿದಂತೆ. ಬೀಸುವ ಕಲ್ಲು ಇರುವ ಮನೆಗೆ ಅದು ಸರಿ. ‘ಪಿಸಿಎಂ’ ಎಂದರೆ ಪ್ಲೇಯರೇ ಬೀಸಿ ಹಿಟ್ಟು ಮಾಡಿ ಕೊಡುವುದು. ಅದನ್ನು ಬಹುತೇಕ ಎಲ್ಲ ಟಿವಿ, ಎಲ್ಲ ಸೌಂಡ್‌ಬಾರೂ ತೆಗೆದುಕೊಳ್ಳುತ್ತವೆ. ಆದ್ದರಿಂದ ಮೊದಲು ‘ಪಿಸಿಎಂ’ ಆರಿಸಿ ನೋಡಿ. ‘ಎಲ್‌ಪಿಸಿಎಂ’ 48ಕೆ ಅಥವಾ 96ಕೆ ಎಂದು ಕೇಳಿದರೆ 48ಕೆ ಸಾಕು.

ಒಂದು ಎಚ್ಚರಿಕೆ. ಬದಲಾಯಿಸುವ ಮುನ್ನ ವಾಲ್ಯೂಮ್ ಇಳಿಸಿ. ಬಿಡಿಸದ ದನಿಯನ್ನು ತಿಳಿಯದ ಯಂತ್ರ ನುಡಿಸಹೊರಟರೆ ‘ಜರ್ರ್’ ಎಂದು ಕಿವಿಗಡಚಿಕ್ಕುತ್ತದೆ, ಸ್ಪೀಕರಿಗೂ ಕೇಡು. ಪೇಟೆಯಲ್ಲಿ ಆಪ್ಟಿಕಲ್ ದನಿಯನ್ನು ಕೆಂಪು-ಬಿಳಿಗೆ ಬದಲಿಸುವ ಚಿಕ್ಕ ಪೆಟ್ಟಿಗೆ ಸಿಗುತ್ತದೆ. ಅಗ್ಗದವುಗಳಲ್ಲಿ ಹೆಚ್ಚಿನವು ಪಿಸಿಎಂ ಒಂದನ್ನೇ ಬಲ್ಲವು. ಇದನ್ನು ಅಂಗಡಿಯವರು ಹೇಳುವುದು ಕಡಿಮೆ.

ಇನ್ನೊಂದು ದೂರು ದೇವಾಲಯದ ಸಭಾಂಗಣದ್ದು. ತಪಸ್ಸುಕಾಲದಲ್ಲಿ ಚಿತ್ರ ತೋರಿಸುವಾಗ ಸಂಗೀತ ಅಬ್ಬರಿಸುತ್ತದೆ, ಮಾತು ಮಾತ್ರ ಕೇಳುವುದೇ ಇಲ್ಲ. ಅಲ್ಲಿನ ಆಂಪ್ಲಿಫೈಯರಿಗೆ ಹೋಗುವುದು ಕೆಂಪು-ಬಿಳಿ ವೈರು, ಡಿಜಿಟಲ್ ಅಲ್ಲ. ಆದರೆ ‘5.1’ ದನಿಯ ಚಿತ್ರಗಳಲ್ಲಿ ಸಂಭಾಷಣೆ ಹೆಚ್ಚಾಗಿ ನಡುವಿನ ಸ್ಪೀಕರಿನಲ್ಲಿರುತ್ತದೆ. ಪ್ಲೇಯರಿನ ‘ಡೌನ್‌ಮಿಕ್ಸ್’ ಸೆಟ್ಟಿಂಗ್ ‘5.1 ಚಾನೆಲ್’ನಲ್ಲಿದ್ದು, ನಾವು ಎಡ-ಬಲ ಮಾತ್ರ ಜೋಡಿಸಿದ್ದರೆ ಮಾತೆಲ್ಲ ಇಲ್ಲದ ಸ್ಪೀಕರಿಗೆ ಹೋಗುತ್ತದೆ. ‘ಸ್ಟೀರಿಯೋ’ ಎಂದು ಮಾಡಿ, ಮಾತು ಮರಳುತ್ತದೆ.

ದನಿ ಬಂದ ಮೇಲೂ ನಮ್ಮ ಕಡೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಯಾವ ಭಾಷೆಯ ದನಿ? ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆದೋನಿ, ಆಲೂರುಗಳ ಜೊತೆ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗೆರೆಗಳು ಹೇಗೆ ಸರಿದರೂ ಅಜ್ಜಿ ಜಪ ಮಾಡುವುದು ಕನ್ನಡದಲ್ಲಿ, ಮೊಮ್ಮಗ ಶಾಲೆಯಲ್ಲಿ ಓದುವುದು ತೆಲುಗಿನಲ್ಲಿ, ಹೀಗಿರುವ ಮನೆಗಳುಂಟು. ಲೂಕನ ಶುಭಸಂದೇಶವನ್ನು ಆಧರಿಸಿದ 1979ರ ‘ಜೀಸಸ್’ ಚಿತ್ರ ಎರಡೂ ಭಾಷೆಗಳಿಗೆ ಡಬ್ ಆಗಿದೆ. ಡಿವಿಡಿಯಲ್ಲಿ ಒಂದು ಚಿತ್ರಕ್ಕೆ 8 ದನಿಪಟ್ಟಿಗಳವರೆಗೆ ಇರಬಹುದು. ರಿಮೋಟಿನ ‘ಆಡಿಯೋ’ ಗುಂಡಿಯನ್ನು ಒತ್ತುತ್ತಾ ಹೋದರೆ ಡಿಸ್ಕಿನಲ್ಲಿರುವ ಭಾಷೆಗಳು ಒಂದೊಂದಾಗಿ ಬರುತ್ತವೆ. ಒಂದು ಪಟ್ಟಿ ಡಿಟಿಎಸ್ ಆಗಿದ್ದು ದನಿ ಬಾರದಿದ್ದರೂ ಇದೇ ಗುಂಡಿಯಿಂದ ಡಾಲ್ಬಿ ಪಟ್ಟಿಗೆ ಹೋಗಬಹುದು. ಕೆಲವು ವಿಸಿಡಿಗಳಲ್ಲಿ ಎಡಕ್ಕೆ ಒಂದು ಭಾಷೆ, ಬಲಕ್ಕೆ ಇನ್ನೊಂದು ಇರುತ್ತದೆ. ಎರಡೂ ಒಟ್ಟಿಗೆ ಕೇಳಿ ಗಲಿಬಿಲಿಯಾದರೆ ‘ಎಲ್/ಆರ್’ ಗುಂಡಿ ಒತ್ತಿ ಒಂದನ್ನು ಉಳಿಸಿಕೊಳ್ಳಿ. 2004ರ ‘ದಿ ಪ್ಯಾಶನ್ ಆಫ್ ದ ಕ್ರೈಸ್ಟ್’ ಮಾತ್ರ ಮೂಲತಃ ಅರಮಾಯಿಕ್, ಹೀಬ್ರೂ, ಲತೀನ್ ಭಾಷೆಗಳಲ್ಲಿದೆ. ಕೆಳಗಿನ ಅಕ್ಷರ ಓದಲಾಗದ ಅಜ್ಜಿಯ ಪಕ್ಕ ಯಾರಾದರೂ ಕುಳಿತು ಹೇಳಬೇಕು. ಅದಕ್ಕೆ ಯಾವ ಗುಂಡಿಯೂ ಇಲ್ಲ.

ಮದುವೆಯ ಡಿಸ್ಕಿನಲ್ಲಿ ದನಿ ಬಂತೆಂದರೆ ಅಷ್ಟಕ್ಕೆ ಬಿಡಬೇಡಿ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕುಗಳು ಸಿನಿಮಾ ಡಿಸ್ಕಿನಷ್ಟು ಬಾಳುವುದಿಲ್ಲ; ಬಿಸಿಲು, ಸೆಕೆ ಅವುಗಳ ದಾಖಲೆಯ ಪದರವನ್ನು ತಿನ್ನುತ್ತವೆ. ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ನಕಲು ಮಾಡಿಸಿ, ಎರಡು ಮನೆಗಳಲ್ಲಿ ಇಡಿ. ಪ್ಲೇಯರಿನಲ್ಲಿ ಸರಿಹೋದ ಸೆಟ್ಟಿಂಗನ್ನು ಒಂದು ಚೀಟಿಯಲ್ಲಿ ಬರೆದು ಅದರ ಅಡಿಗೆ ಅಂಟಿಸಿ. ರಜೆಗೆ ಬಂದ ಮಕ್ಕಳು ‘ಡಿಫಾಲ್ಟ್’ ಒತ್ತಿದರೆ ಎಷ್ಟೋ ಪ್ಲೇಯರುಗಳು ಮತ್ತೆ ‘ರಾ’ಗೆ ಹೋಗಿಬಿಡುತ್ತವೆ.