ಹೆಸರೇ ಇಲ್ಲದ ಅಣಬೆ ಅಂಗಡಿಯಲ್ಲಿತ್ತು!

ಮೆಸ್‌ನಲ್ಲಿ ಮಶ್ರೂಮ್ ಮಸಾಲೆ ಬಂದರೆ ಅದು ಯಾವ ಅಣಬೆ ಅಂತ ನಾವ್ಯಾರೂ ಕೇಳಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಇಬ್ಬರು ವಿಜ್ಞಾನಿಗಳು, ಬ್ರಿನ್ ಡೆಂಟಿಂಗರ್ ಮತ್ತು ಲಾರಾ ಸುಜ್, ಕೇಳಿದರು. ಚೀನಾದಿಂದ ಬಂದ ಒಣ ಪೊರ್ಚಿನಿ ಅಣಬೆಯ ಒಂದು ಪ್ಯಾಕೆಟ್ ಕೊಂಡು, 15 ತುಂಡುಗಳ ಡಿಎನ್‌ಎ ಪರೀಕ್ಷಿಸಿದರು. ಸಿಕ್ಕಿದ್ದು ಮೂರು ಪ್ರಭೇದ. ಮೂರಕ್ಕೂ ವೈಜ್ಞಾನಿಕ ಹೆಸರೇ ಇರಲಿಲ್ಲ! 2014ರಲ್ಲಿ ಅವರೇ ಹೆಸರಿಟ್ಟರು.

ಹೆಚ್ಚಿ ಒಣಗಿಸಿದ ಅಣಬೆಯನ್ನು ನೋಡಿ ಗುರುತಿಸೋದು ಕಷ್ಟ. ಆಗ ಕೈಹಿಡಿಯೋದು ಡಿಎನ್‌ಎ ಬಾರ್‌ಕೋಡಿಂಗ್. ಇಡೀ ಜೀನೋಮ್ ಓದಬೇಕಿಲ್ಲ, ಐಟಿಎಸ್ ಎಂಬ ಸುಮಾರು 600 ಅಕ್ಷರಗಳ ತುಂಡು ಸಾಕು. ಇದನ್ನೇ ಶಿಲೀಂಧ್ರಗಳ ಬಾರ್‌ಕೋಡ್ ಮಾಡೋಣ ಎಂದು 2012ರಲ್ಲಿ ವಿಜ್ಞಾನಿಗಳ ದೊಡ್ಡ ತಂಡವೊಂದು ಸೂಚಿಸಿತು.

ಐಟಿಎಸ್ಸೇ ಯಾಕೆ? ಇದರ ಅಕ್ಕಪಕ್ಕ ಇರೋದು ರೈಬೋಸೋಮ್ ಕಟ್ಟುವ ಜೀನ್‌ಗಳು. ಅವು ಹೆಚ್ಚಿನ ಅಣಬೆಗಳಲ್ಲಿ ಒಂದೇ ಥರ ಇರುವುದರಿಂದ ಒಂದೇ ಜೋಡಿ ಪ್ರೈಮರ್ ಎಲ್ಲೆಡೆ ಅಂಟಿಕೊಳ್ಳುತ್ತೆ. ನಡುವಿನ ಐಟಿಎಸ್ ಮಾತ್ರ ರೈಬೋಸೋಮಿಗೆ ಸೇರದೆ ಕತ್ತರಿಸಿ ಹೋಗುತ್ತೆ. ಅಲ್ಲಿ ಅಕ್ಷರ ಬದಲಾದರೂ ಅಣಬೆಗೆ ಅಷ್ಟೇನೂ ನಷ್ಟವಿಲ್ಲ. ಹಾಗಾಗಿ ಪ್ರಭೇದದಿಂದ ಪ್ರಭೇದಕ್ಕೆ ವ್ಯತ್ಯಾಸ ಬೆಳೆಯುತ್ತೆ.

ಮುಂದಿನದು ನಮಗೆ ಪರಿಚಿತ ಲೆಕ್ಕ. ಪಿಸಿಆರ್‌ನಲ್ಲಿ ಪ್ರತಿ ಸುತ್ತಿಗೂ ತುಂಡು ದುಪ್ಪಟ್ಟಾಗುತ್ತೆ. 30 ಸುತ್ತಿಗೆ, ಲೆಕ್ಕದ ಪ್ರಕಾರ, ಒಂದು ತುಂಡು ನೂರು ಕೋಟಿ ದಾಟುತ್ತೆ. ಅದನ್ನು ಸೀಕ್ವೆನ್ಸರ್‌ನಲ್ಲಿ ಓದಿ, ಜೆನ್‌ಬ್ಯಾಂಕ್ ಅಥವಾ ಯುನೈಟ್ ಡೇಟಾಬೇಸ್‌ನಲ್ಲಿ ಹುಡುಕುತ್ತಾರೆ. ಇದೊಂದು ಸ್ಟ್ರಿಂಗ್ ಮ್ಯಾಚಿಂಗ್ ಅಷ್ಟೇ. 97% ಹೊಂದಿಕೆ ಅಂದರೆ 600ರಲ್ಲಿ 18 ಅಕ್ಷರ ಬೇರೆ. ಅಷ್ಟು ವ್ಯತ್ಯಾಸವಿದ್ದರೆ ಬೇರೆ ಪ್ರಭೇದ ಇರಬಹುದು ಅಂತ ಅನುಮಾನಿಸುತ್ತಾರೆ.

ಆದರೆ ಡೇಟಾಬೇಸ್‌ನಲ್ಲೇ ಯಾರೋ ತಪ್ಪು ಹೆಸರು ಹಾಕಿದ್ದರೆ ನಮ್ಮ ಉತ್ತರವೂ ತಪ್ಪೇ. ಕೆಲವು ಹತ್ತಿರದ ಪ್ರಭೇದಗಳಲ್ಲಿ ಐಟಿಎಸ್ ಒಂದೇ ಇರುತ್ತೆ, ಆಗ ಬೇರೆ ಜೀನ್ ಕೂಡ ನೋಡಬೇಕು. ಮುಖ್ಯವಾಗಿ, ಬಾರ್‌ಕೋಡ್ ಹೇಳೋದು ಹೆಸರು ಮಾತ್ರ. ವಿಷ ಇದೆಯಾ ಇಲ್ವಾ ಅಂತ ಅಲ್ಲ. ಅದಕ್ಕೆ ಆ ಹೆಸರಿನ ಬಗ್ಗೆ ಮೊದಲೇ ಯಾರಾದರೂ ತಿಳಿದಿರಬೇಕು.

ಡೆತ್ ಕ್ಯಾಪ್ ಅಣಬೆಯ ವಿಷ ಬೇಯಿಸಿದರೂ ಹೋಗಲ್ಲ, ವಾಂತಿ ಶುರುವಾಗೋದು ಸಾಮಾನ್ಯವಾಗಿ ಆರು ಗಂಟೆ ಕಳೆದ ಮೇಲೆ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು ಅನ್ನೋದು ಬರೀ ನಂಬಿಕೆ. ಹಾಗಾಗಿ ಮಳೆ ಬಂದ ಮೇಲೆ ಕ್ಯಾಂಪಸ್ಸಿನಲ್ಲಿ ಏಳುವ ಅಣಬೆಗಳ ಫೋಟೋ ತೆಗೆಯೋಣ, ಬಾಣಲೆಗೆ ಮಾತ್ರ ಹಾಕೋದು ಬೇಡ.