ವಸಂತ ಕಾಲದ ಹಕ್ಕಿಗಳೂ ಚಿಟ್ಟೆಗಳೂ

ಯುಗಾದಿಯು ಸಮೀಪಿಸುತ್ತಲೇ ಹೊಂಗೆಯು ಚಿಗುರುವುದು, ಬೇವು ಹೂ ಬಿಡುವುದು. ಹೊಲದ ಕೆಲಸವು ಕೊಂಚ ಕಡಮೆಯಾಗಿರುವ ಈ ಕಾಲದಲ್ಲಿ ಒಂದು ದಿನವನ್ನು ಹಕ್ಕಿಗಳನ್ನೂ ಚಿಟ್ಟೆಗಳನ್ನೂ ನೋಡುವುದಕ್ಕೆ ಮೀಸಲಿಡುವುದು ಬರಿಯ ವಿನೋದವಲ್ಲ. ಬೆಳೆಗೆ ಮಿತ್ರರಾರು, ಶತ್ರುಗಳಾರು ಎಂಬುದನ್ನು ಅರಿಯಲು ಇದಕ್ಕಿಂತ ಅಗ್ಗವಾದ ಪಾಠಶಾಲೆಯು ಬೇರೊಂದಿಲ್ಲ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಪಾಠಕ್ಕೆ ಬೇಕಾದ ಸಾಮಗ್ರಿಯು ಹೇರಳವಾಗಿದೆ. ಸುಮಾರು 4,850 ಅಡಿ ಎತ್ತರದ ನಂದಿ ಬೆಟ್ಟದಲ್ಲಿ ಮುಂಜಾನೆ ಹಳದಿ ಕೊರಳಿನ ಪಿಕಳಾರವು ಕಾಣಸಿಗುವುದುಂಟು. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಕಾಡುಗಳಲ್ಲಲ್ಲದೆ ಪ್ರಪಂಚದ ಬೇರಾವ ಭಾಗದಲ್ಲಿಯೂ ಈ ಹಕ್ಕಿಯು ಇಲ್ಲ. ಗುಡ್ಡಕ್ಕೆ ಬೆಂಕಿಯಿಟ್ಟರೂ, ಬಂಡೆಯನ್ನು ಒಡೆದರೂ ಅದರ ನೆಲೆಯೇ ತಪ್ಪುವುದು.

ಬಯಲಿಗಿಳಿದರೆ, ಚಿಂತಾಮಣಿ, ಗೌರಿಬಿದನೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಹಕ್ಕಿಗಳ ಉಪಕಾರವು ಕಣ್ಣಿಗೆ ಕಾಣುವಂತಿರುವುದು. ಕಡಲೆಕಾಯಿ ಬೆಳೆಯನ್ನು ಹಾಳುಮಾಡುವ ಕೆಂಪು ಕಂಬಳಿಹುಳುವು ಬೇಸಗೆಯಲ್ಲಿ ಕೋಶದ ಅವಸ್ಥೆಯಲ್ಲಿ ಮಣ್ಣಿನೊಳಗೆ ಅಡಗಿದ್ದು, ಮಳೆ ಬಿದ್ದೊಡನೆ ಪತಂಗವಾಗಿ ಹೊರಬರುವುದು. ಹದ ಮಳೆಯಾದಾಗ ನೇಗಿಲಿನಿಂದಾಗಲಿ ಟ್ರ್ಯಾಕ್ಟರಿನಿಂದಾಗಲಿ ಹೊಲವನ್ನು ಆಳವಾಗಿ ಉತ್ತರೆ ಈ ಕೋಶಗಳು ಮೇಲಕ್ಕೆ ಬೀಳುವುವು. ಸಾಲಿನ ಹಿಂದೆಯೇ ಬರುವ ಗೊರವಂಕ, ಕಾಜಾಣ, ಬೆಳ್ಳಕ್ಕಿಗಳು ಅವನ್ನು ಹೆಕ್ಕಿ ತಿನ್ನುವುವು. ಉಳಿದವು ಬಿಸಿಲಿಗೆ ಸಾಯುವುವು. ಆದುದರಿಂದ ಉಳುಮೆಯನ್ನು ಹಗಲಿನಲ್ಲಿಯೇ ಮಾಡತಕ್ಕದ್ದು. ತಂತಿಯ ಮೇಲೆ ಕುಳಿತಿರುವ ನೀಲಕಂಠವು ಕರ್ನಾಟಕದ ರಾಜ್ಯಪಕ್ಷಿ; ಮಿಡತೆ, ಜೀರುಂಡೆಗಳೇ ಅದರ ಮುಖ್ಯ ಆಹಾರ.

ಚಿಟ್ಟೆಗಳ ವಿಷಯದಲ್ಲಿ ವಿವೇಚನೆ ಅವಶ್ಯಕ. ಎಕ್ಕದ ಗಿಡದಲ್ಲಿ ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯಿಂದ ಬೆಳೆಗೆ ಯಾವ ಬಾಧೆಯೂ ಇಲ್ಲ. ನಿಂಬೆ ಚಿಟ್ಟೆಯ ಮರಿಹುಳುವಾದರೋ ನಿಂಬೆ, ಕರಿಬೇವುಗಳ ಎಳೆಯ ಎಲೆಗಳನ್ನು ತಿನ್ನುವುದು. ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು ಅನಂತರ ಹಸುರಾಗುವ ಇದನ್ನು ಕೈಯಿಂದಲೇ ಆರಿಸಿ ತೆಗೆಯಬಹುದು. ದಾಳಿಂಬೆ ಚಿಟ್ಟೆಯ ಹುಳುವು ಹಣ್ಣನ್ನು ಕೊರೆಯುವುದು. ಎಳೆಗಾಯಿಗಳಿಗೆ ಚೀಲ ಕಟ್ಟುವುದು ಅದಕ್ಕೆ ತಕ್ಕ ಉಪಾಯ. ಈ ಭೇದವನ್ನು ತಿಳಿಯದೆ ಹಾರುವುದೆಲ್ಲವನ್ನೂ ಶತ್ರುವೆಂದು ಔಷಧವನ್ನು ಸಿಂಪಡಿಸಿದರೆ ಹಣವೂ ನಷ್ಟ, ಜೇನ್ನೊಣಗಳೂ ನಷ್ಟ.

ಇದರ ಪರಿಣಾಮವನ್ನು ಶಿಡ್ಲಘಟ್ಟದ ರೇಷ್ಮೆ ಸಾಕಣೆಗಾರರು ಚೆನ್ನಾಗಿ ಬಲ್ಲರು. ರೇಷ್ಮೆಹುಳುವೂ ಒಂದು ಪತಂಗದ ಮರಿಯೇ. ನೆರೆಯ ಟೊಮೇಟೊ ತೋಟಕ್ಕೆ ಹೊಡೆದ ಕೀಟನಾಶಕವು ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆಯ ಸೊಪ್ಪಿನ ಮೇಲೆ ಬಿದ್ದರೆ, ಅದನ್ನು ತಿಂದ ಹುಳುಗಳು ಗೂಡು ಕಟ್ಟುವ ಮೊದಲೇ ಸಾಯುವುವು. ಒಂದು ಸಂಸಾರದ ಸುಮಾರು ತಿಂಗಳ ದುಡಿಮೆಯು ಒಂದೇ ದಿನದಲ್ಲಿ ಹೋಗುವುದು.

ಈ ಪಾಠಕ್ಕಾಗಿ ತಾಲ್ಲೂಕುಗಳನ್ನೆಲ್ಲ ಸುತ್ತಬೇಕಾದುದಿಲ್ಲ. ತನ್ನ ಹೊಲದ ಬದುವೇ ಸಾಕು. ಬೆಳಗ್ಗೆ ಹಕ್ಕಿಗಳನ್ನೂ, ಬಿಸಿಲೇರಿದ ಮೇಲೆ ಚಿಟ್ಟೆಗಳನ್ನೂ ನೋಡಿ, ಕಂಡುದನ್ನು ಮಕ್ಕಳ ಕೈಯಲ್ಲಿ ಬರೆಯಿಸಿಡಬೇಕು. ಗೂಡುಗಳನ್ನು ಮುಟ್ಟಬಾರದು. ಔಷಧ ಹೊಡೆಯುವುದು ಅನಿವಾರ್ಯವಾದಲ್ಲಿ ಗಾಳಿಯಿಲ್ಲದ ಹೊತ್ತನ್ನು ಆರಿಸಿಕೊಂಡು, ಪಕ್ಕದಲ್ಲಿ ಹಿಪ್ಪುನೇರಳೆ ಇಟ್ಟವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.